ಅನುಸ್ವಾರದ ಜಾಗದಲ್ಲಿ ಕೂತ ಸೊನ್ನೆಯನ್ನು ಹಿಡಿಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದು ಡಿಟಿಪಿ ಕೆಲಸ. ಬ್ರಹ್ಮಕಲಶದ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ಮದುವೆ ಕಾಗದ ಎಲ್ಲ ಉಂಟು. ಬರಹಗಳು ವಾಟ್ಸಾಪ್‌ನಲ್ಲಿ ಬರುತ್ತವೆ, ಒಬ್ಬೊಬ್ಬರದು ಒಂದೊಂದು ಕೀಬೋರ್ಡ್. ಜಾಸ್ತಿ ತಲೆ ತಿನ್ನುವುದು ಅನುಸ್ವಾರದ ಬದಲು ಒತ್ತಿದ ಕನ್ನಡದ ಸೊನ್ನೆ. ‘ಕುಂಬಳೆ’, ‘ಕು೦ಬಳೆ’ ಎರಡನ್ನೂ ನೋಡಿ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ, ಅಲ್ವಾ? ಆದರೆ ಮೊದಲನೆಯದನ್ನು ಹುಡುಕಿದರೆ ಎರಡನೆಯದು ಸಿಗುವುದಿಲ್ಲ. ಸುಮ್ನೆ ಎಲ್ಲ ಸೊನ್ನೆಯನ್ನೂ ಅನುಸ್ವಾರ ಮಾಡಿದರೆ ೧೦ ಗಂಟೆ, ೨೦೨೪ನೇ ಇಸವಿ ಎಲ್ಲ ಕೆಡುತ್ತದೆ.

ಹಾಗಾಗಿ ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಕಂಟ್ರೋಲ್-ಎಚ್ ಒತ್ತಿ, ಹುಡುಕುವ ಪೆಟ್ಟಿಗೆಯ ಪಕ್ಕದ .* ಗುಂಡಿ ಹಾಕಿಕೊಳ್ಳುತ್ತೇನೆ. ಅದು ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಗುಂಡಿ, ಅಂದರೆ ಇಂಥದೇ ಪದ ಎನ್ನದೆ ಇಂಥ ಮಾದರಿ ಎಂದು ಹುಡುಕುವ ಬಗೆ. ಅಕ್ಷರದ ಬೆನ್ನಿಗೆ ಬಂದ ಸೊನ್ನೆ ಮಾತ್ರ ಬೇಕು.

ಅಕ್ಷರಕ್ಕೆ [ಅ-ಹ], ಅಂದರೆ ಅ ಇಂದ ಹ ತನಕ ಯಾವುದಾದರೂ ಒಂದು, ಸಾಕು ಅನಿಸುತ್ತದೆ. ಸಾಲದು. ಎಡಿಟರ್‌ಗೆ ವರ್ಣಮಾಲೆ ಗೊತ್ತಿಲ್ಲ, ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಕೊಟ್ಟ ಯುನಿಕೋಡ್ ನಂಬರ್ ಮಾತ್ರ ಗೊತ್ತು. ಅ 3205, ಹ 3257. ಕಾಗುಣಿತದ ಚಿಹ್ನೆಗಳು 3262ರಿಂದ ಶುರು, ಹಲಂತದ ಅರ್ಧಚಿಹ್ನೆ 3277. [ಅ-ಹ]+ ಎಂದು (+ ಅಂದರೆ ಒಂದೋ ಹೆಚ್ಚೋ ಸಾಲಾಗಿ) ‘ಕಾಸರಗೋಡು’ ಪದದಲ್ಲಿ ಹುಡುಕಿ ನೋಡಿ: ಕ, ಸರಗ, ಡ ಎಂದು ಮೂರು ತುಂಡು ಬರುತ್ತದೆ. ‘ಕು೦ಬಳೆ’ಯಲ್ಲಿ ಸೊನ್ನೆಯ ಹಿಂದೆ ಇರುವುದು ಕ ಅಲ್ಲ, ಉಕಾರದ ಕೊಂಬು. ಅದಕ್ಕೇ ವ್ಯಾಪ್ತಿಯನ್ನು ಅರ್ಧಚಿಹ್ನೆಯ ತನಕ ಎಳೆಯಬೇಕು:

([ಅ-್])೦

ಬದಲಿಗೆ ($1 ಅಂದರೆ ದುಂಡು ಆವರಣದೊಳಗೆ ಸಿಕ್ಕಿದ್ದು):

$1ಂ

ಆವರಣದೊಳಗೆ ಅರ್ಧಚಿಹ್ನೆ ಗೆರೆಗೆ ಅಂಟಿಕೊಂಡು, ಇಲ್ಲವೇ ಚುಕ್ಕಿವೃತ್ತದ ಮೇಲೆ ಕೂತು ವಿಚಿತ್ರವಾಗಿ ಕಾಣುತ್ತದೆ. ಕಾಣಲಿ, ಕೆಲಸ ಮಾಡುತ್ತದೆ. ತಿರುಗಿಸಿ ದೊಡ್ಡ ನಂಬರಿನಿಂದ ಸಣ್ಣದಕ್ಕೆ ಬರೆದರೆ ಮಾತ್ರ ಎಡಿಟರ್ ಒಪ್ಪುವುದಿಲ್ಲ.

ಉಲ್ಟಾ ಪ್ರಕರಣವೂ ಉಂಟು, ಹತ್ತು ಬರೆಯುವಲ್ಲಿ ಒಂದರ ಮುಂದೆ ಅನುಸ್ವಾರ. ಅದಕ್ಕೆ ([೦-೯])ಂ ಹುಡುಕಿ $1೦ ಹಾಕುತ್ತೇನೆ. ನೂರು, ಸಾವಿರದಲ್ಲಿ ಸಾಲಾಗಿ ಅನುಸ್ವಾರ ಇದ್ದರೆ ಒಂದು ಸಲಕ್ಕೆ ಒಂದೇ ಸರಿಯಾಗುತ್ತದೆ, ಏನೂ ಸಿಗದ ತನಕ ಮತ್ತೆ ಓಡಿಸಬೇಕು. ಇಲ್ಲಿ ‘ಎಲ್ಲ ಬದಲಿಸು’ ಒತ್ತುವ ಮೊದಲು ಸಿಕ್ಕಿದ್ದನ್ನೆಲ್ಲ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ನಮ್ಮ ಕಡೆಯ ಸಂಚಿಕೆಗಳಲ್ಲಿ ಮಲಯಾಳಂ ಜಾಹೀರಾತು ಬರದೇ ಇರುತ್ತದೆಯೇ? ಯುನಿಕೋಡ್‌ನಲ್ಲಿ ಕನ್ನಡ, ಮಲಯಾಳಂ ಬೇಲಿ ಹಂಚಿಕೊಂಡ ಮನೆಗಳು. ಕನ್ನಡದ ಪಾಲು 3327ಕ್ಕೆ ಮುಗಿದರೆ ಅವರದ್ದು 3328ರಿಂದ 3455. ಕನ್ನಡ ಪುಟದಲ್ಲಿ ಉಳಿದುಹೋದ ಮಲಯಾಳಂ ಹುಡುಕಲು ಅವರ ಅನುಸ್ವಾರದಿಂದ ಒಂಬತ್ತರ ಅಂಕೆಯವರೆಗೆ ವ್ಯಾಪ್ತಿ ಕೊಟ್ಟರೆ ಚಿಲ್ಲಕ್ಷರಗಳು (ಸ್ವರವಿಲ್ಲದ ವ್ಯಂಜನಕ್ಕೆ ಮಲಯಾಳಂನಲ್ಲಿರುವ ಬೇರೆ ರೂಪಗಳು) ತಪ್ಪಿಸಿಕೊಳ್ಳುತ್ತವೆ. ಅವು ಯುನಿಕೋಡ್‌ಗೆ ಬಂದದ್ದು ತಡವಾಗಿ, 2008ರಲ್ಲಿ. ಜಾಗ ಸಿಕ್ಕಿದ್ದು ಅಂಕೆಗಳಿಂದ ಆಚೆ, ಕೊನೆಯಲ್ಲಿ. ಪಾಲಿನ ಕೊನೆಯ ನಂಬರಿನಲ್ಲಿರುವ ಚಿಲ್ಲು ‘ಕ’ವನ್ನೇ ಕೊನೆಗೆ ಇಟ್ಟರೆ ಅವೂ ಸಿಗುತ್ತವೆ.