ಐದು ಜನ ಜಗಳ ಆಡುವಂಥ ಒಂದು ಪ್ರಶ್ನೆ

ಗೆಳೆಯರು ಗುಂಪಾಗಿ ಪಾತ್ರ ವಹಿಸಿ ಆಡುವ ಕಥೆಯಾಟಕ್ಕೆ ಹೊಸ ಸಾಹಸ, ಅಂದರೆ ಆಡಿಸುವ ಕಥೆ, ಬರೆಯಲು ಕೂತಾಗ ನಾನು ಮೊದಲು ಒಂದು ಪ್ರಶ್ನೆ ಹುಡುಕುತ್ತೇನೆ. ಐದು ಜನ ಒಳ್ಳೆಯವರೇ ಕೂತು ಮಾತಾಡಿದರೂ ಒಮ್ಮತಕ್ಕೆ ಬರೋದು ಕಷ್ಟ ಆಗಬೇಕು, ಅಂಥ ಪ್ರಶ್ನೆ. ಅದು ಸಿಗುವವರೆಗೆ ನಕ್ಷೆ ಬಿಡಿಸುವುದಿಲ್ಲ, ರಾಕ್ಷಸರನ್ನು ಆರಿಸುವುದಿಲ್ಲ, ಊರಿಗೆ ಹೆಸರನ್ನೂ ಇಡುವುದಿಲ್ಲ. ಗುಹೆಯಲ್ಲಿರುವ ರಾಕ್ಷಸನನ್ನು ಕೊಲ್ಲಬೇಕು ಅನ್ನುವುದರಲ್ಲಿ ಯಾರಿಗೂ ಸಂಶಯ ಇಲ್ಲದಿದ್ದರೆ ಆ ಆಟವನ್ನು ಒಬ್ಬರೇ ಆಡಿಕೊಳ್ಳಬಹುದು. ಗುಂಪು ಯಾಕೆ ಬೇಕು?

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಐದನೇ ಆವೃತ್ತಿಯ ನಿಯಮಗಳಲ್ಲಿ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬರು ಡಂಜನ್ ಮಾಸ್ಟರ್ (ಡಿಎಂ). ಲೋಕವನ್ನೂ ಅಲ್ಲಿನ ಜನರನ್ನೂ ನಡೆಸುವುದು ಅವರ ಕೆಲಸ. ಉಳಿದವರಿಗೆ ತಲಾ ಒಂದು ಪಾತ್ರ. ಗೆಲ್ಲುತ್ತೇವೋ ಸೋಲುತ್ತೇವೋ ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿದಾಗ ಇಪ್ಪತ್ತು ಮುಖದ ದಾಳ ಎಸೆಯಬೇಕು. ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂತು. ಹಾಗಾಗಿ ದುಡ್ಡು ಕೊಡದೆ ಶುರು ಮಾಡಬಹುದು, ಅದರ ಮೇಲೆ ನಮ್ಮದೇ ಸಾಹಸ ಬರೆದು ಹಂಚಲೂಬಹುದು. ನಮ್ಮ ಗುಂಪಿನವರು ಯಲಹಂಕ, ವೈಟ್‌ಫೀಲ್ಡ್, ಕೆಂಗೇರಿ, ಹೊಸೂರು ರಸ್ತೆ ಅಂತ ನಾಲ್ಕು ದಿಕ್ಕಿಗೆ ಇದ್ದಾರೆ. ನಾನು ಬನಶಂಕರಿಯಲ್ಲಿ. ಕೆಲಸ ಮುಗಿಸಿ ಒಂದೇ ಮೇಜಿನ ಸುತ್ತ ಸೇರುವುದು ಆಗದ ಮಾತು. ಅದಕ್ಕೆ ಆನ್‌ಲೈನ್‌ನಲ್ಲಿ ಆಡುತ್ತೇವೆ: ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮಾತು, ರೋಲ್ ಟ್ವೆಂಟಿ ಅನ್ನುವ ವೆಬ್‌ಸೈಟ್‌ನಲ್ಲಿ ನಕ್ಷೆ ಮತ್ತು ದಾಳ. ಆಡುವುದು ಕನ್ನಡದಲ್ಲೇ.

ನಮ್ಮ ಗುಂಪಿಗೂ, ಆಮೇಲೆ ಗೆಳೆಯರ ಇನ್ನೊಂದು ಗುಂಪಿಗೂ ಆಡಿಸಿದ ಒಂದು ಸಾಹಸವನ್ನೇ ಇಲ್ಲಿ ಬಿಚ್ಚಿಡುತ್ತೇನೆ. ನಾನು ಹೇಗೆ ಕಟ್ಟುತ್ತೇನೆ ಅನ್ನುವುದು ಅದರಲ್ಲೇ ಕಾಣುತ್ತದೆ.

ಬೀಜ ಸಿಕ್ಕಿದ್ದು ವೀರಗಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ವೀರಗಲ್ಲು ಶಾಸನ ಇದೆ. ‘ಬೆಂಗಳೂರ ಕಾಳಗ’ ಅನ್ನುವ ಮಾತು ಇರುವುದು ಅದರಲ್ಲೇ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲೂ ಬೇಗೂರಿನ ಒಂದು ವೀರಗಲ್ಲು ಇದೆ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಪಟ್ಟಿಕೆ ಇರುತ್ತವೆ. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಊರ ಹಸುಗಳನ್ನು ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳಂತೂ ಕರ್ನಾಟಕದ ತುಂಬ ಇವೆ. ತುರುಗಾಳಗದ ಕಲ್ಲು ಅನ್ನುತ್ತಾರೆ.

ಮೂರನೇ ಪಟ್ಟಿಕೆಯನ್ನು ಕೆತ್ತದೇ ಬಿಟ್ಟರೆ ಏನಾಗುತ್ತದೆ? ವೀರ ಸ್ವರ್ಗ ಸೇರಲಿಲ್ಲ. ಯಾಕೆ ಕೆತ್ತಲಿಲ್ಲ? ಅವನು ಇಲ್ಲೇ ಇರಲಿ ಅಂತ. ಯಾರಿಗೆ ಅವನು ಬೇಕು? ಇಷ್ಟು ಕೇಳಿಕೊಳ್ಳುವಷ್ಟರಲ್ಲಿ ಸಾಹಸದ ಬೆನ್ನೆಲುಬು ನಿಂತಿತ್ತು.

ಕಥೆ ಹೀಗೆ. ಒಂದು ಕೆರೆಯ ಏರಿಯ ಮೇಲೆ ಒಬ್ಬ ವೀರ ಊರ ಹಸು ಕದಿಯಲು ಬಂದ ಕಳ್ಳರನ್ನು ತಡೆದು ನಿಂತು ಸತ್ತ. ಅವನ ಆತ್ಮ ಏರಿಯನ್ನು ಹಿಡಿದು ನಿಲ್ಲಿಸುತ್ತದೆ ಅಂತ ಊರ ಹಿರಿಯರಿಗೆ ಗೊತ್ತಾಯಿತು. ಬೇಕೆಂದೇ ಎರಡು ಪಟ್ಟಿಕೆ ಕೆತ್ತಿಸಿ ಕಲ್ಲು ನಿಲ್ಲಿಸಿದರು. ಮೂರು ತಲೆಮಾರಾಗಿದೆ, ಅವನಿಗೆ ಸುಸ್ತಾಗಿದೆ. ಈ ಸಲ ಮಳೆ ಜೋರು, ಕೆರೆ ತುಂಬಿದೆ. ಮೂರನೇ ಪಟ್ಟಿಕೆ ಕೆತ್ತಿದರೆ ಅವನಿಗೆ ಮುಕ್ತಿ, ಏರಿ ಮಾತ್ರ ಉಳಿಯುವುದಿಲ್ಲ. ಕೆತ್ತದಿದ್ದರೆ ಊರು ಉಳಿಯುತ್ತದೆ, ಅವನು ಅಲ್ಲೇ. ಕೆತ್ತಬೇಕಾ, ಬೇಡ್ವಾ?

ಪ್ರಶ್ನೆ ಸಿಕ್ಕ ಮೇಲೆ ಅದರ ಸುತ್ತ ಜನರನ್ನು ನಿಲ್ಲಿಸುತ್ತೇನೆ. ಪ್ರತಿಯೊಬ್ಬರಿಗೂ ಒಂದು ಆಸೆ, ಒಂದು ಭಯ. ಉದ್ದುದ್ದ ಜೀವನಚರಿತ್ರೆ ಬರೆಯುವ ಅಗತ್ಯ ಇಲ್ಲ. ಶಿಲ್ಪಿಯ ಮೊಮ್ಮಗಳಿಗೆ ಅಜ್ಜ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಬೇಕು. ಅವಳ ಕೈಯಲ್ಲಿ ಉಳಿ ಇದೆ. ಗೌಡನಿಗೆ ಏರಿ ಉಳಿಯಬೇಕು. ಜಾಸ್ತಿ ನೀರು ನಿಲ್ಲಲಿ ಅಂತ ಅವನ ಅಪ್ಪ ಕೋಡಿಯ ಕಲ್ಲು ಎತ್ತರಿಸಿದ್ದಾನೆ, ಆ ವಿಷಯ ಹೊರಗೆ ಬರಬಾರದು. ನೀರಗಂಟಿ ಅಜ್ಜನಿಗೆ ಎಲ್ಲ ಗೊತ್ತು, ಹೇಳಲು ಧೈರ್ಯ ಇಲ್ಲ. ಕೆಳಗಿನ ಊರಿನವರಿಗೆ ಕೋಡಿ ಒಡೆದರೂ ಭಯ, ಏರಿ ಒಡೆದರೂ ಭಯ.

ಇಲ್ಲಿ ಕೆರೆಯ ಕೆಲಸ ಗೊತ್ತಿದ್ದದ್ದು ತುಂಬ ಅನುಕೂಲ ಆಯಿತು. ತೂಬಿನಿಂದ ನೀರು ಅಚ್ಚುಕಟ್ಟಿಗೆ, ಅಂದರೆ ಕೆರೆಯ ಕೆಳಗಿನ ಹೊಲಗದ್ದೆಗಳಿಗೆ ಹೋಗುತ್ತದೆ, ಅದನ್ನು ಬಿಡುವವನು ನೀರಗಂಟಿ. ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಬೆಂಗಳೂರಿನ ಹಳೆಯ ಕೆರೆಗಳೆಲ್ಲ ಹೀಗೇ ರಾಜಕಾಲುವೆಗಳಲ್ಲಿ ಸರಪಳಿಯಾಗಿ ಹೆಣೆದುಕೊಂಡಿದ್ದವು. ಕೋಡಿ ಎತ್ತರಿಸಿದರೆ ನೀರಿನ ಭಾರವೆಲ್ಲ ಏರಿಯ ಮೇಲೆ. ಮಾಂತ್ರಿಕ ಲೋಕವೇ ಇರಲಿ, ನೀರು ಇಳಿಜಾರಿಗೆ ಹರಿಯಬೇಕು. ಲೋಕ ತನ್ನ ನಿಯಮ ಮುರಿಯುವುದಿಲ್ಲ ಅಂತ ನಂಬಿಕೆ ಬಂದರೆ ಆಟಗಾರರು ತಲೆ ಓಡಿಸುತ್ತಾರೆ. ಇಲ್ಲದಿದ್ದರೆ ಡಿಎಂ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುತ್ತಾ ಕೂರುತ್ತಾರೆ.

ಆಮೇಲೆ ಒಂದು ಪಟ್ಟಿ: ಆಟಗಾರರು ಏನೂ ಮಾಡದಿದ್ದರೆ ಏನೇನು ನಡೆಯುತ್ತದೆ? ಮೊದಲ ರಾತ್ರಿ ನೀರು ತೂಬಿನ ಕಂಬದ ಮೂರನೇ ಗೆರೆ ಮುಟ್ಟುತ್ತದೆ. ಮರುದಿನ ಮಧ್ಯಾಹ್ನ ಏರಿಯ ಬುಡದಲ್ಲಿ ಸೋರಿಕೆ. ಸಂಜೆ ಕೆಳಗಿನ ಊರಿನವರು ಗುದ್ದಲಿ ಹಿಡಿದು ಕೋಡಿ ಹತ್ತಿರ ಬರುತ್ತಾರೆ. ನಡುರಾತ್ರಿ ಗೌಡನ ಆಳುಗಳು ಶಿಲ್ಪಿಯ ಮೊಮ್ಮಗಳನ್ನು ಕೂಡಿ ಹಾಕುತ್ತಾರೆ. ನನ್ನ ಹತ್ತಿರ ಇರುವ ‘ಕಥೆ’ ಇಷ್ಟೇ. ಆಟಗಾರರು ಎಲ್ಲಿ ಕೈ ಇಟ್ಟರೂ ಈ ಪಟ್ಟಿ ಬದಲಾಗುತ್ತದೆ. ದೃಶ್ಯ ಒಂದು, ದೃಶ್ಯ ಎರಡು ಅಂತ ಬರೆದುಕೊಂಡರೆ ಅವರನ್ನು ಆ ದಾರಿಗೆ ತಳ್ಳಬೇಕಾಗುತ್ತದೆ, ತಳ್ಳುತ್ತಿರುವುದು ಅವರಿಗೆ ಕೂಡಲೇ ಗೊತ್ತಾಗುತ್ತದೆ.

ಗೊತ್ತಾಗಲೇಬೇಕಾದ ವಿಷಯಕ್ಕೆ ಮೂರು ಸುಳಿವು ಇಡುತ್ತೇನೆ. ಇದು ಜಸ್ಟಿನ್ ಅಲೆಕ್ಸಾಂಡರ್ ಹೇಳಿದ ಸೂತ್ರ, ಈ ಆಟ ಆಡಿಸುವವರ ನಡುವೆ ತುಂಬ ಬಳಕೆಯಲ್ಲಿದೆ. ಒಂದನ್ನು ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ, ಮೂರನೆಯದು ಕೈ ಹಿಡಿಯುತ್ತದೆ. ವೀರನನ್ನು ಕಟ್ಟಿ ಹಾಕಲಾಗಿದೆ ಅನ್ನುವುದಕ್ಕೆ ನನ್ನ ಮೂರು ಸುಳಿವು: ಕಲ್ಲಿನ ಮೇಲ್ಭಾಗ ನುಣುಪಾಗಿ ಉಜ್ಜಿ ಸಿದ್ಧ ಮಾಡಿದ್ದರೂ ಖಾಲಿ ಇದೆ. ನೀರಗಂಟಿ ಸಂಜೆ ಎಡೆ ಇಟ್ಟು ‘ಇನ್ನೊಂದು ವರ್ಷ ತಡ್ಕೊಳಪ್ಪ’ ಅನ್ನುತ್ತಾನೆ. ಏರಿಯ ಹಸಿ ಮಣ್ಣಿನಲ್ಲಿ ಬೆಳಗ್ಗೆ ಎರಡು ಹೆಜ್ಜೆ ಗುರುತು ಇರುತ್ತದೆ. ಎರಡೇ, ಒಂದೇ ಕಡೆ ನಿಂತವನದು, ಬಂದದ್ದೂ ಇಲ್ಲ ಹೋದದ್ದೂ ಇಲ್ಲ. ಕಲ್ಲಿನ ಚಿತ್ರ ಬಿಡಿಸಿ ಪರದೆ ಮೇಲೆ ಹಾಕಿದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಕಳ್ಳಿಯ ಪಾತ್ರ ಆಡುವವಳು ಕೇಳಿದಳು: ‘ಮೇಲೆ ಯಾಕೆ ಏನೂ ಇಲ್ಲ?’

ದಾಳದ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ಗುಂಪಿನ ಆಟದಲ್ಲಿ ಇದು ಬಹಳ ಮುಖ್ಯ. ಗೌಡನ ಮನೆಗೆ ಐದೂ ಜನ ಸದ್ದಿಲ್ಲದೆ ನುಗ್ಗಬೇಕು ಅಂದುಕೊಳ್ಳಿ. ಒಬ್ಬೊಬ್ಬರಿಗೂ ಗೆಲ್ಲುವ ಸಾಧ್ಯತೆ ಶೇ. 70. ಚೆನ್ನಾಗಿದೆ ಅನಿಸುತ್ತದೆ ಅಲ್ವಾ? ಐದೂ ಜನ ಗೆಲ್ಲಬೇಕು ಅಂದರೆ ಅದು ಸುಮಾರು ಶೇ. 17ಕ್ಕೆ ಇಳಿಯುತ್ತದೆ. ಯಾರಾದರೂ ಒಬ್ಬರು ಎಡವುವ ಸಾಧ್ಯತೆಯೇ ಜಾಸ್ತಿ. ಇದಕ್ಕೇ ನಿಯಮಗಳಲ್ಲಿ ಗುಂಪು ಪರೀಕ್ಷೆ ಇದೆ: ಅರ್ಧ ಅಥವಾ ಹೆಚ್ಚು ಜನ ಗೆದ್ದರೆ ಗುಂಪೇ ಗೆದ್ದಂತೆ. ಐದರಲ್ಲಿ ಮೂವರು ಸಾಕು ಅಂದರೆ ಸಾಧ್ಯತೆ ಸುಮಾರು ಶೇ. 84. ಸೋತರೂ ಬಾಗಿಲು ಮುಚ್ಚಿಬಿಡುವುದಿಲ್ಲ. ಈ ಸಾಹಸದಲ್ಲಿ ಸೋಲಿನ ಬೆಲೆ ಒಂದೇ, ನೀರು ಒಂದು ಗೆರೆ ಮೇಲೇರುತ್ತದೆ. ಬೀಗ ತೆಗೆಯುತ್ತೀರಿ, ಆದರೆ ಹೊತ್ತಾಯಿತು. ಎಲ್ಲರ ಕಣ್ಣೂ ಆ ಕಂಬದ ಮೇಲೆ.

ಕೊನೆಯ ಹಣಾಹಣಿಗೆ ಒಂದೇ ದೊಡ್ಡ ಶತ್ರು ಇಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವನಿಗೆ ಒಂದು ಸರದಿ ಬರುವಷ್ಟರಲ್ಲಿ ಆಟಗಾರರಿಗೆ ಐದು ಸರದಿ. ಎಷ್ಟೇ ಬಲಶಾಲಿ ಆದರೂ ಸುತ್ತುವರಿದು ಬಡಿದು ಮುಗಿಸುತ್ತಾರೆ. ಅದರ ಬದಲು ಒಂದೇ ಹೊತ್ತಿಗೆ ಐದು ಕೆಲಸ ಇಡುತ್ತೇನೆ. ಕೆತ್ತುವವಳಿಗೆ ದೀಪ ಹಿಡಿದು ಕಾಯಬೇಕು, ಗೌಡನ ಆಳುಗಳನ್ನು ತಡೆಯಬೇಕು, ಕೋಡಿಯ ಕಲ್ಲು ಕೀಳಬೇಕು, ಕೆಳಗಿನ ಊರಿನ ಜನ ಜಾನುವಾರುಗಳನ್ನು ದಿಬ್ಬಕ್ಕೆ ಸಾಗಿಸಬೇಕು, ವೀರನ ಜೊತೆ ಮಾತಾಡಬೇಕು. ಎಲ್ಲ ಕಡೆ ಎಲ್ಲರೂ ಇರಲು ಆಗುವುದಿಲ್ಲ. ಎಲ್ಲರಿಗೂ ಒಂದೊಂದು ಸರದಿ ಬಂದರೆ ಒಂದು ರೌಂಡ್, ನಿಯಮದ ಪ್ರಕಾರ ಅದು ಆರು ಸೆಕೆಂಡ್. ಅಷ್ಟರಲ್ಲಿ ಯಾವ ಕಲ್ಲನ್ನೂ ಕೆತ್ತಲು ಆಗುವುದಿಲ್ಲ, ಅದಕ್ಕೆ ಇಲ್ಲಿ ಒಂದು ರೌಂಡ್ ಕಾಲು ಗಂಟೆ ಅಂತ ಮೊದಲೇ ಹೇಳುತ್ತೇನೆ.

ಆನ್‌ಲೈನ್ ಅಂದಾಗ ಕೆಲವು ವಿಷಯ ಬೇರೆ. ಮುಖ ಕಾಣುವುದಿಲ್ಲ, ಮೌನಕ್ಕೆ ಅರ್ಥ ತಿಳಿಯುವುದಿಲ್ಲ. ‘ಈಗ ಏನ್ಮಾಡ್ತೀರಾ?’ ಅಂತ ಎಲ್ಲರಿಗೂ ಕೇಳಿದರೆ ಇಬ್ಬರು ಒಟ್ಟಿಗೆ ಮಾತಾಡುತ್ತಾರೆ, ಮೂವರು ಸುಮ್ನೆ ಇರುತ್ತಾರೆ. ಪಾತ್ರದ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೇಳಬೇಕು. ಗುಂಪು ಎರಡಾಗಿ ಒಡೆದರೂ ಬೇರೆ ಬೇರೆ ಚಾನೆಲ್‌ಗೆ ಕಳಿಸುವುದಿಲ್ಲ. ಒಬ್ಬರ ಕಷ್ಟ ಉಳಿದವರೂ ಕೇಳುತ್ತಿರಬೇಕು, ಮಜಾ ಇರುವುದೇ ಅದರಲ್ಲಿ. ಮಳೆಗಾಲದಲ್ಲಿ ಯಾರ ಮನೆಯಲ್ಲಿ ಯಾವಾಗ ಕರೆಂಟ್ ಹೋಗುತ್ತದೋ ಹೇಳೋಕಾಗಲ್ಲ. ಅದಕ್ಕೆ ಪ್ರತಿ ಪಾತ್ರಕ್ಕೂ ಎರಡು ಸಾಲು ಬರೆಸಿ ಇಟ್ಟುಕೊಳ್ಳುತ್ತೇನೆ: ಇವಳು ಏನು ಮಾಡಲು ಒಪ್ಪುತ್ತಾಳೆ, ಏನು ಮಾಡಲು ಖಂಡಿತ ಒಪ್ಪುವುದಿಲ್ಲ. ಆಟಗಾರ್ತಿ ವಾಪಸ್ ಬರುವವರೆಗೆ ಪಕ್ಕದವರು ಆ ಪಾತ್ರ ನಡೆಸಬಹುದು. ಯಾವ ವಿಷಯ ಆಟದಲ್ಲಿ ಬೇಡ ಅಂತ ಶುರುವಿಗೂ ಮುಂಚೆ ಎಲ್ಲರನ್ನೂ ಖಾಸಗಿಯಾಗಿ ಕೇಳುವುದಂತೂ ಕಡ್ಡಾಯ. ಈ ಸಾಹಸದಲ್ಲಿ ಸಾವು, ಪ್ರವಾಹ ಎರಡೂ ಇವೆ.

ಇನ್ನು ಆಟದ ಮಾತು. ನಮ್ಮ ಗುಂಪು ಏರಿಯ ಮೇಲೆ ಕೂತು ವಾದ ಶುರು ಮಾಡಿತು.

‘ಮೂರು ತಲೆಮಾರು ಕಟ್ಟಿ ಹಾಕಿದ್ದಾರೆ. ಇನ್ನೊಂದು ಮಳೆಗಾಲ ತಡ್ಕೋ ಅನ್ನೋಕೆ ನಾವ್ಯಾರು?’ ಅಂದಳು ಕಳ್ಳಿ.

‘ಕೆಳಗೆ ನಲವತ್ತು ಮನೆ ಇದೆ ಕಣೇ. ಅವರನ್ನ ಕೇಳಿದ್ವಾ?’ ಅಂದ ವೈದ್ಯನ ಪಾತ್ರದವನು.

‘ಯಾರೂ ಅವನನ್ನೇ ಕೇಳಿಲ್ಲವಲ್ಲ’ ಅಂದಳು ಮಂತ್ರವಾದಿ.

ಅವನನ್ನು ಕೇಳಿದಾಗ ಏನು ಹೇಳುತ್ತಾನೆ ಅಂತ ನಾನು ಬರೆದಿಟ್ಟುಕೊಂಡಿದ್ದೆ. ಅವನಿಗೆ ಮುಕ್ತಿಯ ಯೋಚನೆ ಇಲ್ಲ, ಗೌಡನ ಮೇಲೆ ಸಿಟ್ಟೂ ಇಲ್ಲ. ಅವನ ಬಾಯಲ್ಲಿ ಒಂದೇ ಮಾತು: ‘ಹಸುಗಳು ಮನೆಗೆ ಬಂದ್ವಾ?’ ಅಷ್ಟು ಕೇಳಿದ ಮೇಲೆ ವಾದದ ದಾರಿಯೇ ಬದಲಾಯಿತು. ನೀರಗಂಟಿ ಅಜ್ಜನನ್ನು ಕರೆತಂದು ಅವನ ಬಾಯಲ್ಲೇ ಉತ್ತರ ಹೇಳಿಸಿದರು. ಕೋಡಿಯನ್ನು ನಿಧಾನಕ್ಕೆ ಇಳಿಸಿ, ಜನರನ್ನು ದಿಬ್ಬ ಹತ್ತಿಸಿ, ಬೆಳಗಾಗುವ ಹೊತ್ತಿಗೆ ಕಲ್ಲು ಕೆತ್ತಿ ಮುಗಿಸಿದರು. ಕೆಳಗಿನ ಅಚ್ಚುಕಟ್ಟಿನ ಪೈರು ಪೂರ್ತಿ ನೀರುಪಾಲು.

ಗೆಳೆಯರ ಗುಂಪು ಬೇರೆ ದಾರಿ ಹಿಡಿಯಿತು. ಅವರ ಕತ್ತಿವರಸೆಯ ಮುದುಕ ‘ಅವನು ಹೋಗಲಿ, ನಾನು ನಿಲ್ತೀನಿ’ ಅಂದ. ಆಟ ನಿಲ್ಲಿಸಿ ಆ ಆಟಗಾರನಿಗೆ ಮೆಸೇಜ್ ಮಾಡಿ, ಪಾತ್ರ ಬಿಟ್ಟುಕೊಡಲು ನಿಜವಾಗಿ ಒಪ್ಪಿಗೆ ಇದೆಯಾ ಅಂತ ಕೇಳಿದೆ. ಇದೆ ಅಂದ. ಏರಿ ಉಳಿಯಿತು.

ಈಗ ನನ್ನ ಹತ್ತಿರ ಎರಡು ಬೇರೆ ಬೇರೆ ಕೆರೆಗಳಿವೆ. ಗೆಳೆಯರ ಗುಂಪಿನ ಊರಿನಲ್ಲಿ ಶಿಲ್ಪಿಯ ಮೊಮ್ಮಗಳು ಹೊಸ ಕಲ್ಲು ತರಿಸಿದ್ದಾಳೆ, ಆ ಮುದುಕನಿಗೆ ಎಷ್ಟು ಪಟ್ಟಿಕೆ ಕೆತ್ತಬೇಕು ಅಂತ ಅವರನ್ನೇ ಕೇಳಲಿದ್ದಾಳೆ. ನಮ್ಮ ಗುಂಪಿನ ಊರಿಗೆ ಕೆಳಗಿನ ಹಳ್ಳಿಯವರು ಪೈರಿನ ನಷ್ಟ ಕೇಳಿಕೊಂಡು ಬರುತ್ತಾರೆ. ಕೊಡಬೇಕಾದವರು ಯಾರು, ಕೋಡಿ ಎತ್ತರಿಸಿದ ಗೌಡನ ಮನೆಯವರಾ, ಇಳಿಸಿದ ನಮ್ಮವರಾ? ಮುಂದಿನ ಶನಿವಾರ ಅಲ್ಲಿಂದ ಶುರು.