ಚೆಕ್‌ರೋಲ್ ತಂತ್ರಾಂಶಕ್ಕೆ ಲೈಸೆನ್ಸ್ ಕೊಟ್ಟ ನನ್ನ ಅನುಭವ

ಕಾಫಿ ತೋಟಗಳ ಚೆಕ್‌ರೋಲ್ ಬರೆಯುವುದಕ್ಕೆ, ಅಂದರೆ ಆಳುಗಳ ಹಾಜರಿ, ಕುಯ್ಲಿನ ಕಿಲೋ ಲೆಕ್ಕ ಮತ್ತು ವಾರದ ಬಟವಾಡೆ ಇಷ್ಟನ್ನೂ ನೋಡಿಕೊಳ್ಳುವುದಕ್ಕೆ, ಚಿಕ್ಕಮಗಳೂರಿನ ನಮ್ಮ ಮನೆಯ ಮಹಡಿಯಲ್ಲಿ ಕುಳಿತು ಒಂದು ತಂತ್ರಾಂಶ ಸಿದ್ಧಪಡಿಸಿದೆ. 2022ರಲ್ಲಿ ಅದರ ಮೊದಲ ದೊಡ್ಡ ಗಿರಾಕಿಯಾಗಿ ಬಂದದ್ದು ತೋಟಗಳ ಜೊತೆಗೆ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸನ್ನೂ ನಡೆಸುವ ಒಂದು ಕಂಪನಿ. ಬಿಲ್ಲಿನಲ್ಲಿ ನಾನು ‘ತಂತ್ರಾಂಶ ಮಾರಾಟ’ ಎಂದು ಬರೆದೆ. ವಾರ ಕಳೆಯುವುದರೊಳಗೆ ಅವರ ಮ್ಯಾನೇಜರು ಫೋನ್ ಮಾಡಿ, ಮಾರಿದ ಮೇಲೆ ಸೋರ್ಸ್ ಕೋಡನ್ನೂ, ಅಂದರೆ ತಂತ್ರಾಂಶವನ್ನು ಬರೆದ ಮೂಲ ಸಾಲುಗಳನ್ನೂ, ಕೊಡಬೇಕಲ್ಲವೇ ಎಂದು ಕೇಳಿದರು.

ಬಳ್ಳಿಯ ಮೇಲಿನ ಮೆಣಸಿನ ಫಸಲನ್ನು ಗುತ್ತಿಗೆಗೆ ಕೊಟ್ಟವನು ಬಳ್ಳಿಯನ್ನೇ ಕೊಟ್ಟಂತಾಗುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದನ್ನೇ ಕಾಗದದ ಮೇಲೆ ಹೇಳಲು ನನಗೆ ಬಂದಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಬರುತ್ತದೆ, ಮತ್ತು ಅದನ್ನು ಬಳಸಲು ಕೊಡುವ ಲೈಸೆನ್ಸ್ ಲಿಖಿತವಾಗಿರಬೇಕೆಂದು 30ನೇ ಕಲಂ ಹೇಳುತ್ತದೆ. ವಕೀಲರು ಬರೆದುಕೊಟ್ಟ ಹೊಸ ಒಪ್ಪಂದದಲ್ಲಿ ಎಷ್ಟು ಕಂಪ್ಯೂಟರು, ಯಾವ ತೋಟ, ಎಷ್ಟು ವರ್ಷ ಎಂಬುದನ್ನೆಲ್ಲ ನಮೂದಿಸಿದೆವು. ಹಕ್ಕಿನ ಅವಧಿಯನ್ನು ಬರೆಯದಿದ್ದರೆ ಅದು 5 ವರ್ಷವೆಂದೂ, ವ್ಯಾಪ್ತಿಯನ್ನು ಬರೆಯದಿದ್ದರೆ ಇಡೀ ಭಾರತವೆಂದೂ ಕಾಯ್ದೆಯೇ ತಿಳಿದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ನವೀಕರಿಸುವ ಲೈಸೆನ್ಸ್ ಬೇಕೆಂದಿದ್ದ ನನಗೆ ಆ ಮೌನ ದುಬಾರಿಯಾಗುತ್ತಿತ್ತು.

ಅದೇ ಹೊತ್ತಿಗೆ ಇನ್ನೊಂದು ಹುಳುಕೂ ಹೊರಬಿತ್ತು. ತೂಕದ ಯಂತ್ರದಿಂದ ನೇರವಾಗಿ ಕಿಲೋ ಓದುವ ಭಾಗವನ್ನು ಹಾಸನದ ಗೆಳೆಯರೊಬ್ಬರಿಗೆ ದುಡ್ಡು ಕೊಟ್ಟು ಬರೆಸಿದ್ದೆ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಕೋಡಿನ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು; ಹೊರಗಿನವರು ಬರೆದುಕೊಟ್ಟದ್ದು, ಅವರು ಸಹಿ ಹಾಕಿ ವರ್ಗಾಯಿಸುವವರೆಗೆ ಅವರದೇ. ದುಡ್ಡು ಕೊಟ್ಟೆನಲ್ಲ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಗೆಳೆಯರು ತಕರಾರಿಲ್ಲದೆ ಸಹಿ ಹಾಕಿದರು, ಅದು ನನ್ನ ಪುಣ್ಯ.

ಇನ್ನು ಜಿಎಸ್‌ಟಿ. ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂ. ವಹಿವಾಟು. ನನ್ನದು ಅಷ್ಟಿರಲಿಲ್ಲ, ಆದರೆ ಹೂಡುವಳಿ ತೆರಿಗೆಯನ್ನು, ಅಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು, ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲು ಕಂಪನಿಗೆ ತೆರಿಗೆ ಬಿಲ್ಲು ಬೇಕಿದ್ದುದರಿಂದ ನಾನಾಗಿಯೇ ನೋಂದಾಯಿಸಿಕೊಂಡೆ. ನೋಂದಾಯಿಸಿಕೊಂಡ ಮೇಲೆ ಕಂಪನಿಗೊಂದು, ಬೆಳೆಗಾರರಿಗೊಂದು ಎಂದು ಭೇದ ಮಾಡುವಂತಿಲ್ಲ, ಎಲ್ಲರ ಬಿಲ್ಲಿಗೂ 18% ಸೇರಿಸಲೇಬೇಕು. ತಮ್ಮ ಬೆಳೆಯನ್ನಷ್ಟೇ ಮಾರುವ ಕೃಷಿಕರು ಜಿಎಸ್‌ಟಿ ನೋಂದಣಿಯಿಂದ ಹೊರಗಿರುವುದರಿಂದ ಆ 18% ಅವರಿಗೆ ವಾಪಸು ಬರದ ಖರ್ಚು. ಆಲ್ದೂರಿನ ಕಡೆಯ ಸಾಹುಕಾರರೊಬ್ಬರಿಗೆ, ಅಂದರೆ ತೋಟದ ಮಾಲೀಕರಿಗೆ, ಬಾಯಿಮಾತಿನಲ್ಲಿ 20,000 ರೂ. ಹೇಳಿ, ಆಮೇಲೆ 23,600ರ ಬಿಲ್ಲು ಕೊಟ್ಟಾಗ ಅವರು ಅದನ್ನು ಮಡಿಚಿ ನನ್ನ ಕೈಗೇ ಇಟ್ಟರು: ‘ಇಪ್ಪತ್ತು ಅಂದ್ರಲ್ಲ ನೀವು, ಇಪ್ಪತ್ತೇ ಕೊಡೋದು.’ ಆ 20,000ದಲ್ಲೇ 3,051 ರೂ. ತೆರಿಗೆ ಕಟ್ಟಿದೆ. ಅಂದಿನಿಂದ ಬೆಳೆಗಾರರಿಗೆ ತೆರಿಗೆ ಸೇರಿಸಿಯೇ ದರ ಹೇಳುತ್ತೇನೆ, ಕಂಪನಿಗಳಿಗೆ ತೆರಿಗೆ ಬೇರೆ ಎಂದು ಹೇಳುತ್ತೇನೆ.

ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಇದರ ವಿಷಯದಲ್ಲಿ ತಪ್ಪು ಅರ್ಧ ನನ್ನದು, ಅರ್ಧ ಕಂಪನಿಯ ಲೆಕ್ಕಿಗರದು. ಲೈಸೆನ್ಸ್ ಶುಲ್ಕ 1,20,000 ರೂ., ಜಿಎಸ್‌ಟಿ 21,600, ಒಟ್ಟು 1,41,600. ತಾಂತ್ರಿಕ ಸೇವೆಯೆಂದು 2% ಹಿಡಿಯುತ್ತಾರೆಂದು ನಾನು ಎಣಿಸಿದ್ದೆ; ಅವರು 10% ಹಿಡಿದು 14,160 ರೂ. ಕಡಿತ ಮಾಡಿದ್ದರು. 10% ಸರಿಯೇ ಎಂದರು ನಮ್ಮ ಆಡಿಟರ್. ತಂತ್ರಾಂಶವನ್ನು ಬಳಸುವ ಹಕ್ಕಿಗೆ ಕೊಡುವ ಹಣವನ್ನು 1961ರ ಆದಾಯ ತೆರಿಗೆ ಕಾಯ್ದೆ, 2012ರಲ್ಲಿ ಸೇರಿಸಿದ ವಿವರಣೆಯ ಮೂಲಕ, ರಾಯಧನದ (ರಾಯಲ್ಟಿ) ಲೆಕ್ಕಕ್ಕೆ ತಂದಿತ್ತು. ಆಗ ಜಾರಿಯಲ್ಲಿದ್ದ 194ಜೆ ಕಲಮಿನಡಿ ಅದಕ್ಕೆ ದರ 10%. ಆದರೆ ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿದ್ದರೆ ಆ ಮೊತ್ತದ ಮೇಲೆ ಟಿಡಿಎಸ್ ಇಲ್ಲವೆಂದು 2017ರ ಜುಲೈನ ಸುತ್ತೋಲೆಯೇ ಹೇಳಿತ್ತು. ಸುತ್ತೋಲೆಯ ಪ್ರತಿ ಕಳಿಸಿದ ಮೇಲೆ ಮುಂದಿನ ಬಿಲ್ಲಿನಿಂದ ಸರಿಯಾಯಿತು. ನಾನೂ ಲೈಸೆನ್ಸ್ ಶುಲ್ಕವನ್ನೂ ವಾರ್ಷಿಕ ನಿರ್ವಹಣೆಯ ಶುಲ್ಕವನ್ನೂ ಬೇರೆ ಬೇರೆ ಬಿಲ್ಲು ಮಾಡತೊಡಗಿದೆ. ನಿರ್ವಹಣೆಗೆ ಈಗ ಅವರು 2% ಮಾತ್ರ ಹಿಡಿಯುತ್ತಾರೆ.

ಸಣ್ಣ ಉದ್ಯಮವೆಂದು ಕೇಂದ್ರ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಯಿಂದ ಒಂದು ಉಪಕಾರವಾಯಿತು: ಸಣ್ಣ ಉದ್ಯಮಕ್ಕೆ, ಒಪ್ಪಂದದಲ್ಲಿ ದಿನ ಬರೆದಿದ್ದರೂ 45 ದಿನ ಮೀರದಂತೆ, ಬರೆಯದಿದ್ದರೆ 15 ದಿನದೊಳಗೆ, ಹಣ ಕೊಡಬೇಕು. ಕಂಪನಿ ಈಗ ಹಣಕಾಸು ವರ್ಷ ಮುಗಿಯುವ ಮಾರ್ಚ್‌ಗೆ ಮುಂಚೆಯೇ ಚುಕ್ತಾ ಮಾಡುತ್ತದೆ.

ಸಾಹುಕಾರರ ಹತ್ತಿರ ಆ ಉಪಾಯ ನಡೆಯುವುದಿಲ್ಲ. ಬಾಕಿ ಉಳಿಸಿದ ಒಂದು ತೋಟದ ಲೈಸೆನ್ಸ್ ಅವಧಿ ಮುಗಿದು ತಂತ್ರಾಂಶ ತಾನಾಗಿ ಬೀಗ ಹಾಕಿಕೊಂಡದ್ದು ಶನಿವಾರ, ಬಟವಾಡೆಯ ದಿನ. ಆಳುಗಳು ಕಣದಲ್ಲಿ ಕಾದು ನಿಂತಿದ್ದರಂತೆ; ತೋಟದ ಲೆಕ್ಕ ಬರೆಯುವ ರೈಟರು ಹಳೆಯ ಹಾಜರಿ ಪುಸ್ತಕ ತೆಗೆದು ರಾತ್ರಿ ಎಂಟರವರೆಗೆ ಕೂಡಿಸಿದರು. ಒಪ್ಪಂದದಲ್ಲಿ ಬೀಗದ ಮಾತೇ ಇರಲಿಲ್ಲವಾದ್ದರಿಂದ, ಅವರದೇ ಲೆಕ್ಕವನ್ನು ಅವರಿಗೆ ಸಿಗದಂತೆ ಮಾಡಿದ್ದಕ್ಕೆ ಪರಿಹಾರ ಕೇಳುವ ದಾರಿ ಅವರಿಗಿತ್ತು ಎಂದು ವಕೀಲರು ಎಚ್ಚರಿಸಿದರು. ಈಗಿನ ಒಪ್ಪಂದದ ಒಂಬತ್ತನೆಯ ಷರತ್ತಿನ ಪ್ರಕಾರ ಅವಧಿ ಮುಗಿದ ಮೇಲೂ 30 ದಿನ ಎಲ್ಲ ಕೆಲಸವೂ ನಡೆಯುತ್ತದೆ. ಅನಂತರ ಹೊಸ ಹಾಜರಿ ಹಾಕಲು ಬರುವುದಿಲ್ಲ, ಹಳೆಯ ಲೆಕ್ಕವನ್ನು ನೋಡಲು ಮತ್ತು ಮುದ್ರಿಸಿಕೊಳ್ಳಲು ಮಾತ್ರ ಬರುತ್ತದೆ.