ಹೈಬ್ರಿಡ್ ಕಾರಿನ ಡಿಕ್ಕಿಗೆ ಎಳೆಯುವ ಫ್ರಿಜ್: ಕೂರಿಸುವುದು ಹೇಗೆ?

ಕಾಸರಗೋಡಿನಿಂದ ಬೆಂಗಳೂರಿಗೆ ಹೊರಟ ಕಾರಿನ ಡಿಕ್ಕಿ ಖಾಲಿ ಇದ್ದದ್ದನ್ನು ನಾನಂತೂ ನೋಡಿಲ್ಲ. ಮನೆಯ ಹಾಲು, ಮಜ್ಜಿಗೆ, ಬಿಡಿಸಿದ ಹಲಸಿನ ಸೊಳೆ, ಕೆಲವರಿಗೆ ಅಂಜಲ್ ಮೀನು. ನಮ್ಮ ಕಾರಿನಲ್ಲಿ ಇವುಗಳ ಜೊತೆ ಅಮ್ಮನ ಇನ್ಸುಲಿನ್ ಕೂಡ ಉಂಟು. ಮೊದಲೆಲ್ಲ ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ತುಂಬಿ ಒಯ್ಯುತ್ತಿದ್ದೆವು. ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ಐಸ್ ನೀರಾಗಿ ಕಾರ್ಪೆಟ್ ಒದ್ದೆಯಾಗುತ್ತಿತ್ತು. ತಂಪು ತಪ್ಪಿದರೆ ಏನಾಗುತ್ತದೆ ಅಂತ ನಮ್ಮ ಊರಿನವರಿಗೆ ಹೇಳಬೇಕಿಲ್ಲ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರ ಕಲ್ಪರಸವನ್ನೇ, ಅಂದರೆ ತೆಂಗಿನ ಹೊಂಬಾಳೆಯ ಸಿಹಿ ರಸವನ್ನೇ ನೋಡಿ. ತೆಂಗಿನ ಮರದ ಮೇಲೇ ಐಸ್ ಇಟ್ಟ ಪೆಟ್ಟಿಗೆಯಲ್ಲಿ ಇಳಿಸುತ್ತಾರೆ, ಇಲ್ಲದಿದ್ದರೆ ಅದು ಹುಳಿ ಬಂದು ಕಳ್ಳಾಗುತ್ತದೆ.

ಈಗ 12 ವೋಲ್ಟಿನಲ್ಲಿ ಓಡುವ ಕಂಪ್ರೆಸರ್ ಫ್ರಿಜ್ ಸಿಗುತ್ತದೆ. ಅದನ್ನು ಸ್ಲೈಡಿನ ಮೇಲೆ ಕೂರಿಸಿದರೆ ಡ್ರಾಯರಿನ ಹಾಗೆ ಹೊರಗೆ ಎಳೆದು ಮುಚ್ಚಳ ತೆಗೆಯಬಹುದು. ಆದರೆ ಕಾರು ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿಯ ಮೋಟಾರೂ ಇರುವಂಥದ್ದು ಆದರೆ ಎರಡು ಕಡೆ ತುಂಬಾ ಜಾಗ್ರತೆ ಬೇಕು. ಎಲ್ಲಿ ತೂತು ಕೊರೆಯುತ್ತೀರಿ, ಎಲ್ಲಿಂದ ಕರೆಂಟು ತೆಗೆಯುತ್ತೀರಿ ಅನ್ನುವುದು.

ಮೊದಲು ಅಳತೆ

ಫ್ರಿಜ್ಜಿನ ಅಳತೆಯ ರಟ್ಟಿನ ಪೆಟ್ಟಿಗೆಯೊಂದನ್ನು ಡಿಕ್ಕಿಯಲ್ಲಿಟ್ಟು ಬಾಗಿಲು ಹಾಕಿ ನೋಡಿ. ಅದರಡಿ ಬರುವ ಹಲಗೆ, ಸ್ಲೈಡುಗಳ ಎತ್ತರ ಸೇರಿಸಲು ಮರೆಯಬೇಡಿ. ಫ್ರಿಜ್ಜಿನ ಬಿಸಿ ಗಾಳಿ ಹೊರಬರುವ ಜಾಲರಿಯ ಕಡೆ ಒಂದು ಕೈ ಹಿಡಿಯುವಷ್ಟಾದರೂ ಜಾಗ ಇರಲಿ. ಗ್ರ್ಯಾಂಡ್ ವಿಟಾರ, ಹೈರೈಡರ್‌ನಂಥ ಕಾರುಗಳ ಸ್ಟ್ರಾಂಗ್ ಹೈಬ್ರಿಡ್ (ಸ್ವಲ್ಪ ದೂರ ಬರೀ ಬ್ಯಾಟರಿಯಲ್ಲೂ ಓಡುವ) ಮಾದರಿಯಲ್ಲಿ ಡಿಕ್ಕಿ ಚಿಕ್ಕದು, 20 ರಿಂದ 25 ಲೀಟರಿನ ಫ್ರಿಜ್ ಸಾಕು. ಇನ್ನೋವಾ ಹೈಕ್ರಾಸ್ ಆದರೆ ಮೂರನೇ ಸಾಲಿನ ಸೀಟು ಮಡಚಿ 40 ಲೀಟರಿನದ್ದನ್ನು ಇಡಬಹುದು. ಸೀಟನ್ನು ಮಡಚಿ, ಕಿತ್ತು ತೆಗೆಯಬೇಡಿ. ಆರ್‌ಸಿಯಲ್ಲಿ ಸೀಟಿನ ಲೆಕ್ಕ ಬರೆದಿರುತ್ತದೆ.

ನೆಲದಡಿ ಏನಿದೆ?

ಡ್ರಿಲ್ ಕೈಗೆ ತೆಗೆದುಕೊಳ್ಳುವ ಮುಂಚೆ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ, ಕಾರಿನ ಅಡಿಗೂ ಇಣುಕಿ. ಮೇಲೆ ಹೇಳಿದ ಗ್ರ್ಯಾಂಡ್ ವಿಟಾರ, ಹೈರೈಡರ್ ಎರಡರಲ್ಲೂ ಹೈಬ್ರಿಡ್ ಬ್ಯಾಟರಿ ಇರುವುದೇ ಡಿಕ್ಕಿಯ ನೆಲದಡಿ. ಅದರಲ್ಲಿರುವುದು 12 ವೋಲ್ಟ್ ಅಲ್ಲ, 150ಕ್ಕೂ ಜಾಸ್ತಿ. ಕಿತ್ತಳೆ ಬಣ್ಣದ ವಯರು ಕಂಡರೆ ಅದು ಜೀವ ತೆಗೆಯುವ ಕರೆಂಟಿನ ವಯರು. ಮುಟ್ಟಬೇಡಿ, ಹತ್ತಿರ ಕೊರೆಯಲೂ ಬೇಡಿ. ಬೇರೆ ಕಾರುಗಳಲ್ಲೂ ಪೆಟ್ರೋಲ್ ಟ್ಯಾಂಕು ಹಿಂದೆಯೇ ಎಲ್ಲೋ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಹೈಬ್ರಿಡ್ ಕಾರಿನ ನೆಲಕ್ಕೆ ತೂತು ಕೊರೆಯುವುದೇ ಬೇಡ.

ಹಿಂದಿನ ಸೀಟಿನ ಬದಿಯಲ್ಲೋ ಅಡಿಯಲ್ಲೋ ಚಿಕ್ಕ ಜಾಲರಿ ಕಂಡರೆ ಅದಕ್ಕೆ ಏನನ್ನೂ ಒತ್ತಿ ಇಡಬೇಡಿ. ಹೈಬ್ರಿಡ್ ಬ್ಯಾಟರಿ ಉಸಿರಾಡುವುದು ಅಲ್ಲಿಂದ.

ಹಲಗೆ, ಸ್ಲೈಡು

18 ಮಿ.ಮೀ. ಮೆರೈನ್ ಪ್ಲೈವುಡ್ಡನ್ನು ಡಿಕ್ಕಿಯ ಆಕಾರಕ್ಕೆ ಕತ್ತರಿಸಿ, ಅಂಚಿಗೆ ವಾರ್ನಿಶ್ ಬಳಿಯಿರಿ. ಸ್ಲೈಡನ್ನು ಈ ಹಲಗೆಗೆ ಬಿಗಿಯಬೇಕು, ಕಾರಿಗಲ್ಲ. ಹಲಗೆಯನ್ನು ಕಾರಿನಲ್ಲಿ ಮೊದಲೇ ಇರುವ ಬೋಲ್ಟಿನ ಜಾಗಗಳಿಗೆ ಗಟ್ಟಿ ಕಬ್ಬಿಣದ ಕ್ಲ್ಯಾಂಪ್ ಹಾಕಿ ಕಟ್ಟಬೇಕು. ಸೀಟು ಬೆಲ್ಟಿನ ಬೋಲ್ಟನ್ನು ಮಾತ್ರ ಬಿಚ್ಚಬೇಡಿ. ಸಾಮಾನು ಕಟ್ಟುವ ಪ್ಲಾಸ್ಟಿಕ್ ಕೊಂಡಿಗಳನ್ನು ನಂಬಿ ಕೂರಲೂ ಬೇಡಿ.

ಅಡುಗೆಮನೆ ಡ್ರಾಯರಿನ ಚಾನೆಲ್ ಇದಕ್ಕೆ ಸಾಲದು. 40 ಲೀಟರಿನ ಫ್ರಿಜ್ ತುಂಬಿದರೆ 40 ಕಿಲೋ ಹತ್ತಿರ ಬರುತ್ತದೆ. 100 ಕಿಲೋ ತಡೆಯುವ, ಒಳಗೂ ಹೊರಗೂ ಎರಡು ಕಡೆ ಲಾಕ್ ಬೀಳುವ ಸ್ಲೈಡೇ ಬೇಕು. ನಮ್ಮ ಮನೆಯಂಗಳ ಇಳಿಜಾರು. ಮುರಕಲ್ಲಿನ ದಾರಿಯಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದ ಕಾರಿನ ಡಿಕ್ಕಿ ತೆಗೆದೆವೋ, ಲಾಕ್ ಇಲ್ಲದ ಫ್ರಿಜ್ ಸೀದಾ ಹೊಟ್ಟೆಗೇ ಬರುತ್ತದೆ.

ಇನ್ನೊಂದು ಮಾತು. ಫ್ರಿಜ್ಜನ್ನು ಪೂರ್ತಿ ಹೊರಗೆ ಎಳೆದಾಗ ಹಲಗೆಯ ಒಳತುದಿ, ಅಂದರೆ ಸೀಟಿನ ಕಡೆಯದ್ದು, ಏತದ ಹಾಗೆ ಮೇಲೆ ಏಳಲು ನೋಡುತ್ತದೆ. ಕಣ್ಣಿಗೆ ಕಾಣುವ ಬಾಗಿಲ ಬದಿಯನ್ನು ಎಲ್ಲರೂ ಬಿಗಿ ಮಾಡುತ್ತಾರೆ. ನಿಜವಾಗಿ ಭದ್ರ ಇರಬೇಕಾದ್ದು ಆ ಒಳತುದಿ. 8 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟು, ಅಗಲ ವಾಶರು, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟು ಹಾಕಿ. ಮಾಮೂಲಿ ಕಬ್ಬಿಣದ್ದು ನಮ್ಮ ಉಪ್ಪುಗಾಳಿಗೆ ಎರಡು ಮಳೆಗಾಲ ತಡೆಯುವುದು ಕಷ್ಟ. ಫ್ರಿಜ್ಜನ್ನು ಅದರ ಹಿಡಿಗಳಿಗೆ ಬೆಲ್ಟು ಹಾಕಿ ಸ್ಲೈಡಿಗೆ ಕಟ್ಟಿ.

ಕರೆಂಟು ಎಲ್ಲಿಂದ?

ನಾವು ಎಡವಿದ್ದು ಇಲ್ಲಿ. ಒಂದು ರಾತ್ರಿ ಮಡಿಕೇರಿಯಲ್ಲಿ ಉಳಿದಾಗ ಫ್ರಿಜ್ಜನ್ನು ಕಾರಿನ 12 ವೋಲ್ಟ್ ಬ್ಯಾಟರಿಗೇ ಬಿಟ್ಟಿದ್ದೆವು. ಫಿಟ್ ಮಾಡಿದವರು ‘ಅಷ್ಟು ದೊಡ್ಡ ಬ್ಯಾಟರಿ ಉಂಟಲ್ಲ, ಏನೂ ಆಗುವುದಿಲ್ಲ’ ಅಂದಿದ್ದರು. ಬೆಳಿಗ್ಗೆ ಬಟನ್ ಒತ್ತಿದರೆ, ಕಾರು ಹೊರಡಲು ತಯಾರು ಅಂತ ತೋರಿಸುವ ‘ರೆಡಿ’ ದೀಪ ಬರಲಿಲ್ಲ. ಅಮ್ಮ ಸೀಟಿನಲ್ಲಿ ಕೂತು ಕಾಯುತ್ತಿದ್ದರು, ಚಳಿ ಬೇರೆ. ಆ ಹೊತ್ತು ಮರೆಯುವುದಿಲ್ಲ.

ವಿಷಯ ಇಷ್ಟೇ. ದೊಡ್ಡ ಬ್ಯಾಟರಿ ಇರುವುದು ಚಕ್ರ ತಿರುಗಿಸಲಿಕ್ಕೆ. ಫ್ರಿಜ್ಜಿಗೆ ಸಿಗುವುದು ಪಕ್ಕದ ಚಿಕ್ಕ 12 ವೋಲ್ಟಿನದ್ದು. ಕಾರಿನ ಕಂಪ್ಯೂಟರುಗಳನ್ನು ಎಬ್ಬಿಸುವುದೂ ಅದೇ. ಅದು ಬತ್ತಿದರೆ ದೊಡ್ಡದು ತುಂಬಿದ್ದರೂ ಕಾರು ಅಲುಗುವುದಿಲ್ಲ. ‘ರೆಡಿ’ಯಲ್ಲಿದ್ದಾಗ ಮಾತ್ರ ದೊಡ್ಡದರಿಂದ ಚಿಕ್ಕದಕ್ಕೆ ಕರೆಂಟು ಹರಿಯುತ್ತದೆ. ಹಾಗಂತ ಶೆಡ್ಡಿನೊಳಗೆ ‘ರೆಡಿ’ಯಲ್ಲಿ ಬಿಟ್ಟು ಮಲಗಬೇಡಿ. ಇಂಜಿನ್ ತಾನಾಗಿ ಚಾಲೂ ಆಗುತ್ತದೆ, ಮುಚ್ಚಿದ ಜಾಗದಲ್ಲಿ ಆ ಹೊಗೆ ಪ್ರಾಣಕ್ಕೇ ಅಪಾಯ.

ಒಳ್ಳೆಯ ದಾರಿ ಅಂದರೆ ಬೇರೆಯೇ ಒಂದು ಲಿಥಿಯಂ ಪವರ್ ಸ್ಟೇಷನ್, ಅಂದರೆ ಎತ್ತಿ ಒಯ್ಯಬಹುದಾದ ಬ್ಯಾಟರಿ ಪೆಟ್ಟಿಗೆ. ಕಾರು ಓಡುವಾಗ 12 ವೋಲ್ಟ್ ಸಾಕೆಟ್ಟಿನಿಂದ ಅದು ಚಾರ್ಜ್ ಆಗಲಿ, ಫ್ರಿಜ್ ಅದರಿಂದ ಓಡಲಿ. 45 ವಾಟಿನ ಕಂಪ್ರೆಸರ್ ಅರ್ಧ ಹೊತ್ತು ಓಡಿದರೂ 12 ಗಂಟೆಗೆ 270 ವಾಟ್-ಅವರ್ ಬೇಕು. 500 ವಾಟ್-ಅವರಿನದ್ದು ತೆಗೆದುಕೊಂಡರೆ ರಾತ್ರಿ ನಿಶ್ಚಿಂತೆ. ಅದನ್ನೂ ಹಲಗೆಗೆ ಬೆಲ್ಟು ಹಾಕಿ ಕಟ್ಟಿ. ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗಬೇಡಿ.

12 ವೋಲ್ಟ್ ಬ್ಯಾಟರಿಯಿಂದಲೇ ವಯರು ಎಳೆಯುವುದಾದರೆ 6 ಚದರ ಮಿ.ಮೀ. ತಾಮ್ರದ್ದು ಹಾಕಿಸಿ, ಪ್ಲಸ್ ತುದಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸು ಇರಲಿ. ವಯರು ತೆಳುವಾದರೆ ಫ್ರಿಜ್ ತಲುಪುವಾಗ ವೋಲ್ಟೇಜ್ ಬಿದ್ದು ಅದು ಆಗಾಗ ನಿಲ್ಲುತ್ತದೆ. ಸ್ಲೈಡು ಪೂರ್ತಿ ಹೊರಬಂದರೂ ಜಗ್ಗದಷ್ಟು ಉದ್ದ ಬಿಡಿ. ವಾರಂಟಿ ಇರುವ ಕಾರಾದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಮುಂದುವರಿಯಿರಿ.

ಹೊರಡುವ ಮುಂಚೆ

ಹಿಂದಿನ ರಾತ್ರಿಯೇ ಮನೆಯ ಕರೆಂಟಿನಲ್ಲಿ ಫ್ರಿಜ್ ತಂಪು ಮಾಡಿ, ಸಾಮಾನೂ ತಂಪಾಗಿದ್ದೇ ಒಳಗೆ ಹೋಗಲಿ. ಇನ್ಸುಲಿನ್ 2 ರಿಂದ 8 ಡಿಗ್ರಿಯೊಳಗೆ ಇರಬೇಕು, ಗಟ್ಟಿಯಾದರೆ ಮತ್ತೆ ಬಳಸುವಂತಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಫ್ರಿಜ್ಜಿನ ತಣ್ಣನೆ ಗೋಡೆಗೆ ತಾಗದ ಹಾಗೆ ನಡುವಿನಲ್ಲಿಡಿ, ಪಕ್ಕದಲ್ಲೊಂದು ಥರ್ಮಾಮೀಟರ್ ಇರಲಿ. ಮೊದಲ ಸಲ ಹತ್ತಿರದ ಬದಿಯಡ್ಕದವರೆಗೆ ನೀರಿನ ಬಾಟಲಿ ತುಂಬಿಕೊಂಡು ಹೋಗಿಬನ್ನಿ. ಬಂದ ಮೇಲೆ ಸ್ಪ್ಯಾನರ್ ಹಿಡಿದು ಪ್ರತಿ ನಟ್ಟನ್ನೂ ಮತ್ತೊಮ್ಮೆ ನೋಡಿ. ನಮ್ಮದರಲ್ಲಿ ಒಳತುದಿಯ ಒಂದು ನಟ್ಟು ಕಾಲು ಸುತ್ತು ತಿರುಗಿತು.